ಜೀವನಾಂಶದ ಮಾತುಕತೆ: ಮೊತ್ತಕ್ಕೂ ಮೊದಲು ಇತ್ಯರ್ಥವಾಗಬೇಕಾದ ವಿಷಯಗಳು

ವಿಚ್ಛೇದನದ ಮಾತುಕತೆಗೆ ಕೂರುವವರ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ ಆಗಿರುತ್ತದೆ: ಎಷ್ಟು ಕೇಳಬೇಕು, ಅಥವಾ ಎಷ್ಟಕ್ಕೆ ಒಪ್ಪಬಹುದು? ಒಬ್ಬರು 50 ಲಕ್ಷ ಅನ್ನುತ್ತಾರೆ, ಇನ್ನೊಬ್ಬರು 8 ಲಕ್ಷ ಅನ್ನುತ್ತಾರೆ. ಮುಂದಿನ ಎರಡು ವರ್ಷ ಆ ಎರಡು ಅಂಕಿಗಳ ನಡುವಿನ ಎಳೆದಾಟದಲ್ಲೇ ಕಳೆದುಹೋಗುತ್ತದೆ. ಕೊನೆಗೆ ಒಂದು ಮೊತ್ತಕ್ಕೆ ಒಪ್ಪಿದರೂ ಆ ಹಣ ಯಾವಾಗ ಬರುತ್ತದೆ, ವರ್ಷ ಕಳೆದಂತೆ ಏರುತ್ತದೆಯೇ, ಬರದಿದ್ದರೆ ಏನು ಮಾಡುವುದು, ಅದರಲ್ಲಿ ಮಗುವಿನ ಪಾಲು ಎಷ್ಟು ಎಂಬುದು ಎಲ್ಲೂ ಬರೆದಿರುವುದಿಲ್ಲ. ನಂತರದ ಜಗಳಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ಹಾಗಾಗಿ ಮೊತ್ತದ ಮಾತು ಕೊನೆಗೆ ಬರಲಿ. ಅದು ಯಾವುದರಿಂದ ಹುಟ್ಟಬೇಕು ಎಂಬುದು ಮೊದಲು ನಿರ್ಧಾರವಾಗಲಿ.

ಯಾವ ಕಾನೂನಿನಡಿ ಮಾತಾಡುತ್ತಿದ್ದೀರಿ?

ಭಾರತದಲ್ಲಿ ಜೀವನಾಂಶಕ್ಕೆ ಒಂದೇ ಕಾನೂನು ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24 ಪ್ರಕರಣ ನಡೆಯುತ್ತಿರುವಾಗಿನ ಮಧ್ಯಂತರ ಜೀವನಾಂಶಕ್ಕೆ, ಸೆಕ್ಷನ್ 25 ಶಾಶ್ವತ ಜೀವನಾಂಶಕ್ಕೆ, ಸೆಕ್ಷನ್ 26 ಮಕ್ಕಳ ಪಾಲನೆ, ಪೋಷಣೆ ಮತ್ತು ಶಿಕ್ಷಣಕ್ಕೆ. ಸೆಕ್ಷನ್ 24 ಮತ್ತು 25ರಡಿ ಗಂಡನೂ ಕೇಳಬಹುದು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಜೀವನಾಂಶದ ಹಕ್ಕು ಹೆಂಡತಿಗೆ ಮಾತ್ರ. ಇವಲ್ಲದೆ, ಯಾವ ಧರ್ಮದವರಾದರೂ ಬಳಸಬಹುದಾದ ದಾರಿ ಒಂದಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 125 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಆಗಿದೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಸೆಕ್ಷನ್ 125ರಡಿ ಜೀವನಾಂಶ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೆ ಸ್ಪಷ್ಟಪಡಿಸಿತು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯಡಿ ಹಣದ ಪರಿಹಾರವೂ ವಾಸದ ಹಕ್ಕೂ ಸಿಗುತ್ತವೆ.

ಒಂದಕ್ಕಿಂತ ಹೆಚ್ಚು ಕಡೆ ಅರ್ಜಿ ಹಾಕಬಹುದು. ಆದರೆ ಹಣ ಎರಡೆರಡು ಸಲ ಸಿಗದು. ಒಂದು ನ್ಯಾಯಾಲಯ ಕೊಟ್ಟಿದ್ದನ್ನು ಇನ್ನೊಂದು ಲೆಕ್ಕಕ್ಕೆ ತೆಗೆದುಕೊಂಡು ಹೊಂದಿಸುತ್ತದೆ. ಹಿಂದಿನ ಆದೇಶದ ವಿಷಯ ಮುಚ್ಚಿಡುವಂತಿಲ್ಲ. 2020ರ ನವೆಂಬರ್ 4ರಂದು ಬಂದ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತು. ಜೊತೆಗೆ ಮಾತುಕತೆಯ ದಿಕ್ಕನ್ನೇ ಬದಲಿಸುವ ಇನ್ನೊಂದು ಮಾತನ್ನೂ ಹೇಳಿತು: ಜೀವನಾಂಶ ಸಲ್ಲಬೇಕಾದದ್ದು ಅರ್ಜಿ ಹಾಕಿದ ದಿನದಿಂದ, ಆದೇಶ ಬಂದ ದಿನದಿಂದಲ್ಲ.

ಇದರ ಅರ್ಥ ಬಹಳ ಸರಳ. ‘ಮಾತಾಡಿ ಮುಗಿಸೋಣ, ಕೋರ್ಟು ಯಾಕೆ’ ಎಂಬ ಭರವಸೆಯ ಮೇಲೆ ಹತ್ತು ತಿಂಗಳು ಕಾದರೆ ಆ ಹತ್ತು ತಿಂಗಳ ಹಣ ಬಹುತೇಕ ಹೋದಂತೆಯೇ. ಆದಾಯವಿಲ್ಲದವರು ಮಧ್ಯಂತರ ಅರ್ಜಿ ಹಾಕಿಟ್ಟೇ ಮಾತುಕತೆಗೆ ಕೂರುವುದು ಒಳ್ಳೆಯದು. ನೋಟಿಸ್ ತಲುಪಿದ 60 ದಿನಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಸೆಕ್ಷನ್ 24ರ ಅರ್ಜಿ ತೀರ್ಮಾನವಾಗಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನಿಜದಲ್ಲಿ ಅದಕ್ಕಿಂತ ತಡವಾಗುತ್ತದೆ. ಆದರೂ ದಿನಾಂಕ ನಿಮ್ಮ ಕಡೆಗಿರುತ್ತದೆ. ಕೈಯಲ್ಲಿ ತಿಂಗಳ ಖರ್ಚಿಗೆ ಹಣವಿಲ್ಲದವರು ಯಾವ ಮಾತುಕತೆಯಲ್ಲೂ ಬೇಗ ಸೋಲುತ್ತಾರೆ, ಮೊದಲ ಕೊಡುಗೆಗೇ ಸಹಿ ಹಾಕುತ್ತಾರೆ.

ಕಾಗದಗಳು ಮಾತಾಡಲಿ

ಜೀವನಾಂಶ ಕೇಳುವ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳ ಪ್ರಮಾಣಪತ್ರ ಸಲ್ಲಿಸಬೇಕು. ಅದರ ನಮೂನೆಯನ್ನು ಇದೇ 2020ರ ತೀರ್ಪು ಕೊಟ್ಟಿದೆ. ಕೃಷಿ ಆದಾಯದವರಿಗೆ ಬೇರೆ ನಮೂನೆಯಿದೆ. ಪರಸ್ಪರ ಒಪ್ಪಿಗೆಯ ಹಾದಿಯಲ್ಲಿರುವವರೂ ಇದೇ ನಮೂನೆಯನ್ನು ತುಂಬಿ ಅದಲುಬದಲು ಮಾಡಿಕೊಂಡರೆ ಅರ್ಧ ವಾದ ತಾನಾಗಿಯೇ ಇಳಿಯುತ್ತದೆ.

ಸಂಬಳದಾರರಿಗೆ ಫಾರಂ 16 (ಉದ್ಯೋಗದಾತರು ಕೊಡುವ ತೆರಿಗೆ ಕಡಿತದ ಪ್ರಮಾಣಪತ್ರ), ಸಂಬಳ ಚೀಟಿ, ಕಳೆದ ಮೂರು ವರ್ಷಗಳ ಆದಾಯ ತೆರಿಗೆ ರಿಟರ್ನ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು. ತೆರಿಗೆ ಪೋರ್ಟಲ್‌ನಲ್ಲಿ ಸಿಗುವ ವಾರ್ಷಿಕ ಮಾಹಿತಿ ವಿವರಪಟ್ಟಿಯನ್ನೂ ಕೇಳಿ. ಬಡ್ಡಿ, ಡಿವಿಡೆಂಡ್, ಷೇರು ವಹಿವಾಟು, ಆಸ್ತಿ ಖರೀದಿ ಎಲ್ಲ ಅಲ್ಲಿ ಕಾಣುತ್ತದೆ. ಜಮೀನಿದ್ದರೆ ಪಹಣಿ, ಮನೆ-ನಿವೇಶನವಿದ್ದರೆ ಋಣಭಾರ ಪ್ರಮಾಣಪತ್ರ.

ಕಷ್ಟ ಬರುವುದು ಸ್ವಂತ ವ್ಯಾಪಾರದವರ ವಿಷಯದಲ್ಲಿ. ರಿಟರ್ನ್‌ನಲ್ಲಿ ವರ್ಷಕ್ಕೆ 5 ಲಕ್ಷ ಆದಾಯ ತೋರಿಸಿರುತ್ತದೆ. ಆದರೆ ಕಾರಿನ ಮತ್ತು ಮನೆಯ ಕಂತು, ಶಾಲೆ ಶುಲ್ಕ, ಕ್ರೆಡಿಟ್ ಕಾರ್ಡ್ ಬಿಲ್ ಸೇರಿದರೆ 11 ಲಕ್ಷ ಹೊರಗೆ ಹೋಗಿರುತ್ತದೆ. ಇಂಥಲ್ಲಿ ‘ಆದಾಯ ಮುಚ್ಚಿಟ್ಟಿದ್ದಾರೆ’ ಎಂದು ಕೂಗಾಡುವುದಕ್ಕಿಂತ ಹೊರಹೋದ ಹಣವನ್ನು ಒಂದು ಹಾಳೆಯಲ್ಲಿ ಸಾಲುಸಾಲಾಗಿ ಬರೆದು ಮುಂದಿಡುವುದು ಹೆಚ್ಚು ಕೆಲಸ ಮಾಡುತ್ತದೆ. ಇಂಥ ಪ್ರಕರಣಗಳಲ್ಲಿ ನ್ಯಾಯಾಲಯವೂ ಜೀವನಶೈಲಿಯಿಂದಲೇ ಆದಾಯವನ್ನು ಅಂದಾಜಿಸುತ್ತದೆ. ಪ್ರಮಾಣಪತ್ರದಲ್ಲಿ ಸುಳ್ಳು ಹೇಳಿದ್ದು ಸಾಬೀತಾದರೆ ಸುಳ್ಳು ಸಾಕ್ಷ್ಯದ ಕ್ರಮಕ್ಕೂ ಅವಕಾಶವಿದೆ.

ಕೊಡುವವರ ಕಡೆಯಿಂದ ಪದೇ ಪದೇ ಆಗುವ ತಪ್ಪು ಇನ್ನೊಂದು ಬಗೆಯದು: ಸಂಬಳದಲ್ಲಿ ಎಲ್ಲ ಕಂತುಗಳನ್ನೂ ಕಳೆದು ‘ಉಳಿಯುವುದು ಇಷ್ಟೇ’ ಎನ್ನುವುದು. ಆದಾಯ ತೆರಿಗೆ, ಭವಿಷ್ಯ ನಿಧಿ, ವೃತ್ತಿ ತೆರಿಗೆಯಂಥ ಕಡ್ಡಾಯ ಕಡಿತಗಳನ್ನು ನ್ಯಾಯಾಲಯ ಒಪ್ಪುತ್ತದೆ. ತಾವಾಗಿ ಮಾಡಿಕೊಂಡ ಸಾಲ, ಹೂಡಿಕೆಗಳನ್ನು ಸಾಮಾನ್ಯವಾಗಿ ಕಳೆಯಲು ಬಿಡುವುದಿಲ್ಲ. ಅದೇ ರೀತಿ ಹೆಂಡತಿ ದುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ಇಲ್ಲವಾಗುವುದಿಲ್ಲ. ಓದಿದ್ದಾಳೆ, ದುಡಿಯಬಲ್ಲಳು ಎಂಬುದಂತೂ ದುಡಿಯುತ್ತಿದ್ದಾಳೆ ಎಂಬುದಕ್ಕೆ ಸಮವಲ್ಲ.

ಗಂಡನ ನಿವ್ವಳ ಸಂಬಳದ ಶೇ. 25 ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪ್ರಮಾಣ ನ್ಯಾಯೋಚಿತ ಎಂದಿದ್ದು ನಿಜ. ಆದರೆ ಅದು ಸೂತ್ರವಲ್ಲ, ಕಾಯ್ದೆಯಲ್ಲಿ ಯಾವ ಶೇಕಡಾವಾರೂ ಇಲ್ಲ. ಮದುವೆಯ ಅವಧಿ, ವಯಸ್ಸು, ಆರೋಗ್ಯ, ಮನೆ-ಮಕ್ಕಳಿಗಾಗಿ ಬಿಟ್ಟ ಉದ್ಯೋಗ, ಇಬ್ಬರ ಆಸ್ತಿ, ಕೊಡುವವರ ಮೇಲಿರುವ ಇತರ ಹೊಣೆಗಳು, ಮದುವೆಯಲ್ಲಿದ್ದಾಗಿನ ಜೀವನಮಟ್ಟ, ಇವೆಲ್ಲ ತೂಗುತ್ತವೆ. ಶೇ. 25 ಅನ್ನು ಮಾತುಕತೆಯ ಆರಂಭಕ್ಕೆ ಬಳಸಿ, ಕೊನೆಯ ಮಾತಾಗಿ ಬೇಡ.

ಮಗುವಿನ ಲೆಕ್ಕ ಮೊದಲು, ಬೇರೆಯಾಗಿ

ನನ್ನ ಮಟ್ಟಿಗೆ ಇಡೀ ಮಾತುಕತೆಯಲ್ಲಿ ಇದಕ್ಕಿಂತ ಮುಖ್ಯ ನಿಯಮ ಬೇರೆ ಇಲ್ಲ: ಮಗುವಿನ ಹಣವನ್ನು ಗಂಡ-ಹೆಂಡತಿಯ ಹಣದ ಜೊತೆ ಬೆರೆಸಬೇಡಿ. ‘ಎಲ್ಲ ಸೇರಿ 25 ಲಕ್ಷ’ ಎಂದು ಬರೆದ ಒಪ್ಪಂದದಲ್ಲಿ ಮಗುವಿನ ಪಾಲು ಕಾಣೆಯಾಗಿರುತ್ತದೆ. ಪೋಷಣೆ ಮಗುವಿನ ಸ್ವಂತ ಹಕ್ಕು. ತಾಯಿಯಾಗಲಿ ತಂದೆಯಾಗಲಿ ಅದನ್ನು ಬಿಟ್ಟುಕೊಡುವಂತಿಲ್ಲ. ‘ಮುಂದೆ ಏನೂ ಕೇಳುವುದಿಲ್ಲ’ ಎಂದು ತಾಯಿ ಸಹಿ ಹಾಕಿದ್ದರೂ ನಾಳೆ ಮಗುವಿನ ಪರವಾಗಿ ಅರ್ಜಿ ಬರಬಹುದು. ಕೊಡುವವರಿಗೂ ಅದರಿಂದ ನೆಮ್ಮದಿ ಇಲ್ಲ.

ಲೆಕ್ಕ ಹೀಗೆ ಹಾಕಬಹುದು. ಮಗುವಿಗೆ ಆರು ವರ್ಷ ಎಂದುಕೊಳ್ಳಿ. ಶಾಲೆ ಶುಲ್ಕ ವರ್ಷಕ್ಕೆ 1,20,000, ಅಂದರೆ ತಿಂಗಳಿಗೆ 10,000. ಶಾಲಾ ವಾಹನ 2,000, ಊಟ-ಬಟ್ಟೆ 6,000, ಔಷಧ ಮತ್ತು ಆರೋಗ್ಯ ವಿಮೆ 1,500, ಆಟ-ಪಾಠದ ತರಗತಿ 2,500. ಮಗುವಿಗಾಗಿ ಹೆಚ್ಚುವರಿ ಕೋಣೆ ಇರುವ ಮನೆ ಬೇಕಾಗುವುದರಿಂದ ಬಾಡಿಗೆಯ ವ್ಯತ್ಯಾಸ 5,000. ಒಟ್ಟು 27,000. ತಂದೆಯ ನಿವ್ವಳ ಆದಾಯ 90,000, ತಾಯಿಯದು 45,000 ಆಗಿದ್ದರೆ ಅನುಪಾತ 2:1. ತಂದೆಯ ಪಾಲು 18,000, ತಾಯಿಯದು 9,000. ತಾಯಿಗೆ ಆದಾಯವೇ ಇಲ್ಲದಿದ್ದರೆ ಇಡೀ 27,000 ತಂದೆಯ ಮೇಲೆ ಬರುತ್ತದೆ. ಬಾಡಿಗೆಯ ಪಾಲು ಹೆಚ್ಚಿನ ಪಟ್ಟಿಗಳಲ್ಲಿ ಬಿಟ್ಟೇ ಹೋಗಿರುತ್ತದೆ, ಗಮನಿಸಿ. ಹಾಗೆಯೇ ವರ್ಷಕ್ಕೊಮ್ಮೆ ಬರುವ ಸಮವಸ್ತ್ರ, ಪುಸ್ತಕ, ಪ್ರವಾಸದ ಖರ್ಚನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿ.

ಈಗ ಏರಿಕೆ. ಒಂದೇ ಮೊತ್ತವನ್ನು ವರ್ಷಾನುಗಟ್ಟಲೆ ನಿಲ್ಲಿಸಿದರೆ ಏನಾಗುತ್ತದೆ ನೋಡಿ: ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ, ಇಂದಿನ 20,000ಕ್ಕೆ 12 ವರ್ಷಗಳ ನಂತರ ಇಂದಿನ 10,000ದಷ್ಟೇ ಬೆಲೆ. ಶಾಲೆ ಶುಲ್ಕ ವರ್ಷಕ್ಕೆ ಶೇ. 10ರಂತೆ ಏರಿದರೆ 1,20,000 ಹತ್ತು ವರ್ಷದಲ್ಲಿ 3,11,000 ದಾಟುತ್ತದೆ. ಆದ್ದರಿಂದ ಎರಡು ಬೇರೆ ಷರತ್ತು ಬೇಕು. ದಿನನಿತ್ಯದ ಖರ್ಚಿಗೆ ಪ್ರತಿ ಏಪ್ರಿಲ್‌ನಲ್ಲಿ ಇಷ್ಟು ಶೇಕಡಾ ಏರಿಕೆ ಎಂಬ ಸ್ಥಿರ ದರ. ಶಿಕ್ಷಣಕ್ಕೆ ಶಾಲೆಯ ರಸೀದಿಯ ಪ್ರಕಾರ, ಒಪ್ಪಿದ ಅನುಪಾತದಲ್ಲಿ. ಏರಿಕೆಯ ಷರತ್ತು ಇಲ್ಲದಿದ್ದರೆ ಪ್ರತಿ ಸಲವೂ ಮಾರ್ಪಾಡಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆಯಬೇಕು. 2025ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾನೇ ತಿಂಗಳಿಗೆ 50,000 ಜೀವನಾಂಶಕ್ಕೆ ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆಯನ್ನು ಸೇರಿಸಿತು.

ಶುಲ್ಕವನ್ನು ನೇರವಾಗಿ ಶಾಲೆಗೇ ಕಟ್ಟುತ್ತೇನೆ ಎಂದು ತಂದೆ ಕೇಳುವುದು ಸಾಮಾನ್ಯ. ಹಣ ಮಗುವಿಗೇ ಹೋಗುತ್ತದೆ ಎಂಬ ಭರವಸೆ ಅವರಿಗೆ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಕಟ್ಟುವುದು ತಡವಾದಾಗ ತರಗತಿಯಲ್ಲಿ ತಲೆ ತಗ್ಗಿಸಬೇಕಾಗುವುದು ಮಗು. ಅದಕ್ಕೆ ಹೀಗೆ ಬರೆಯಿರಿ: ಗಡುವಿಗೆ ಏಳು ದಿನ ಮೊದಲು ರಸೀದಿ ಕಳುಹಿಸಬೇಕು, ತಪ್ಪಿದರೆ ತಾಯಿ ಕಟ್ಟಿ, ಬಡ್ಡಿ ಸಮೇತ ವಸೂಲು ಮಾಡಿಕೊಳ್ಳಬಹುದು. ದೊಡ್ಡ ಖರ್ಚುಗಳಿಗೆ ಇನ್ನೊಂದು ಸಾಲು: ಉದಾಹರಣೆಗೆ 10,000 ಮೀರುವ ಖರ್ಚಾದರೆ ಮೊದಲೇ ತಿಳಿಸಬೇಕು, ತುರ್ತು ಚಿಕಿತ್ಸೆಗೆ ಮಾತ್ರ ಈ ನಿಯಮ ಅನ್ವಯಿಸದು.

ಹದಿನೆಂಟು ದಾಟಿದ ಮೇಲೆ? ಸೆಕ್ಷನ್ 26 ಮಾತಾಡುವುದು ಅಪ್ರಾಪ್ತ ಮಕ್ಕಳ ಬಗ್ಗೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಸೆಕ್ಷನ್ 20ರಡಿ, ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಅವಿವಾಹಿತ ಮಗಳಿಗೆ ಆಮೇಲೂ ಹಕ್ಕಿದೆ; ಮಗನಿಗೆ ಅಂಥ ಆಸರೆ ಇಲ್ಲ. ಎಂಜಿನಿಯರಿಂಗ್, ವೈದ್ಯಕೀಯ ಅಥವಾ ಬೇರೆ ಪದವಿಯ ದೊಡ್ಡ ಖರ್ಚು ಬರುವುದೇ ಹದಿನೆಂಟರ ನಂತರ. ಆದ್ದರಿಂದ ‘ಮೊದಲ ಪದವಿ ಮುಗಿಯುವವರೆಗೆ, ಗರಿಷ್ಠ ಇಷ್ಟು ವಯಸ್ಸಿನವರೆಗೆ’ ಎಂದು ಒಪ್ಪಂದದಲ್ಲೇ ಬರೆಸಿ.

ಮಗುವನ್ನು ನೋಡಲು ಬಿಡುವುದಕ್ಕೂ ಹಣಕ್ಕೂ ಗಂಟು ಹಾಕಬೇಡಿ. ಹಣ ಬರಲಿಲ್ಲವೆಂದು ಭೇಟಿ ತಡೆಯುವುದು, ಭೇಟಿ ಸಿಗಲಿಲ್ಲವೆಂದು ಹಣ ನಿಲ್ಲಿಸುವುದು, ಎರಡೂ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಒಟ್ಟು ಮೊತ್ತವೋ, ತಿಂಗಳು ತಿಂಗಳೋ

ಸಂಗಾತಿಗೆ ಕೊಡುವ ಹಣದ ವಿಷಯದಲ್ಲಿ ಒಂದೇ ಸಲ ಕೊಟ್ಟು ಮುಗಿಸುವ ಕಡೆಗೇ ಹೆಚ್ಚಿನವರ ಒಲವು. ಅದಕ್ಕೆ ಕಾರಣಗಳಿವೆ: ಪ್ರತಿ ತಿಂಗಳು ಕಾಯಬೇಕಿಲ್ಲ, ಸಂಪರ್ಕ ಉಳಿಯುವುದಿಲ್ಲ, ಕೊಡುವವರ ಉದ್ಯೋಗ ಹೋದರೂ ಚಿಂತೆ ಇಲ್ಲ. ಆದರೆ ತಿಂಗಳ ಹಣವನ್ನು ಒಟ್ಟು ಮೊತ್ತಕ್ಕೆ ಪರಿವರ್ತಿಸುವಾಗ ಲಕ್ಷಗಳು ಕಣ್ಣೆದುರೇ ಕರಗುತ್ತವೆ.

ತಿಂಗಳಿಗೆ 30,000ದಂತೆ 15 ವರ್ಷ ಎಂಬ ಲೆಕ್ಕ ತೆಗೆದುಕೊಳ್ಳಿ. ಹೂಡಿಕೆಯಿಂದ ತೆರಿಗೆ ಕಳೆದು ವರ್ಷಕ್ಕೆ ಶೇ. 6 ಬರುತ್ತದೆ ಎಂದುಕೊಳ್ಳೋಣ. 30,000 ಎಂದೂ ಏರದಿದ್ದರೆ ಇಂದು ಬೇಕಾದ ಮೊತ್ತ ಸುಮಾರು 36 ಲಕ್ಷ. ಅದೇ 30,000 ವರ್ಷಕ್ಕೆ ಶೇ. 6 ಏರುವುದಾದರೆ ಸುಮಾರು 52 ಲಕ್ಷ. ಆದಾಯ ಅದೇ, ಅವಧಿ ಅದೇ; ಏರಿಕೆಯ ಒಂದು ಊಹೆಯಿಂದ 16 ಲಕ್ಷದ ವ್ಯತ್ಯಾಸ. ಎದುರಿನವರು 36 ಲಕ್ಷ ಮುಂದಿಟ್ಟಾಗ ‘ಕಡಿಮೆಯಾಯಿತು’ ಎಂದರೆ ಚೌಕಾಸಿ ಶುರುವಾಗುತ್ತದೆ. ‘ಇದರಲ್ಲಿ ಏರಿಕೆ ಎಷ್ಟು ಹಿಡಿದಿದ್ದೀರಿ?’ ಎಂದರೆ ಲೆಕ್ಕ ಶುರುವಾಗುತ್ತದೆ. ಎರಡೂ ಕಡೆಯವರು ಅವಧಿ, ಏರಿಕೆ, ಹೂಡಿಕೆ ದರ ಎಂಬ ಮೂರನ್ನು ಮೊದಲು ಒಪ್ಪಿಕೊಂಡರೆ ಮೊತ್ತ ತಾನಾಗಿಯೇ ಬರುತ್ತದೆ.

ತೆರಿಗೆಯನ್ನೂ ಇಲ್ಲೇ ನೋಡಬೇಕು. ಒಟ್ಟಾಗಿ ಬರುವ ಜೀವನಾಂಶವನ್ನು ಬಂಡವಾಳ ಸ್ವೀಕೃತಿ ಎಂದು ಕಂಡು ತೆರಿಗೆಯಿಂದ ಹೊರಗಿಡುವುದು ಬಾಂಬೆ ಹೈಕೋರ್ಟಿನ ಒಂದು ಹಳೆಯ ತೀರ್ಪಿನಿಂದ ಬಂದ ರೂಢಿ. ತಿಂಗಳು ತಿಂಗಳು ಬರುವುದು ಪಡೆಯುವವರ ಆದಾಯವಾಗುತ್ತದೆ. ಕೊಡುವವರಿಗೆ ಎರಡರಲ್ಲೂ ವಿನಾಯಿತಿ ಇಲ್ಲ. ಒಟ್ಟು ಮೊತ್ತವನ್ನು ಠೇವಣಿ ಇಟ್ಟರೆ ಅದರ ಬಡ್ಡಿಗೆ ತೆರಿಗೆ ಇದ್ದೇ ಇದೆ.

ಪಡೆಯುವವರು ಮರುಮದುವೆಯಾದರೆ ತಿಂಗಳ ಜೀವನಾಂಶ ರದ್ದಾಗಬಹುದು, ಮಗುವಿನದು ಆಗುವುದಿಲ್ಲ. ಒಮ್ಮೆ ಕೊಟ್ಟ ಒಟ್ಟು ಮೊತ್ತ ಹಿಂತಿರುಗುವುದಿಲ್ಲ.

ಮನೆ, ಸಾಲ, ಒಡವೆ

ಜಂಟಿ ಗೃಹಸಾಲ ಇರುವ ಮನೆಯೇ ಅತ್ಯಂತ ಅಪಾಯಕಾರಿ ಆಸ್ತಿ. ‘ಇನ್ನು ಮುಂದೆ ಕಂತು ಗಂಡ ಕಟ್ಟುತ್ತಾನೆ’ ಎಂದು ಒಪ್ಪಂದದಲ್ಲಿ ಬರೆದರೂ ಬ್ಯಾಂಕಿಗೆ ಅದು ಲೆಕ್ಕವಿಲ್ಲ. ಸಾಲದ ಕಾಗದದಲ್ಲಿ ಹೆಸರಿರುವವರೆಗೆ ಇಬ್ಬರೂ ಹೊಣೆ. ಕಂತು ತಪ್ಪಿದರೆ ಇಬ್ಬರ ಕ್ರೆಡಿಟ್ ಅಂಕವೂ ಕುಸಿಯುತ್ತದೆ. ಸಾಲವನ್ನು ಒಬ್ಬರ ಹೆಸರಿಗೆ ಬದಲಿಸಲು ಬ್ಯಾಂಕು ಒಪ್ಪಿದ ಪತ್ರ ಕೈಗೆ ಬಂದ ಮೇಲೆಯೇ ಸಹಿ ಹಾಕಿ. ಒಬ್ಬರ ಆದಾಯ ಆ ಸಾಲಕ್ಕೆ ಸಾಲದಿದ್ದರೆ ಮನೆ ಮಾರಿ ಹಂಚಿಕೊಳ್ಳುವುದೇ ದಾರಿ.

ಆಸ್ತಿ ವರ್ಗಾವಣೆ ಡಿಕ್ರಿಗೆ (ನ್ಯಾಯಾಲಯದ ವಿಚ್ಛೇದನ ತೀರ್ಪಿಗೆ) ಮೊದಲೋ ನಂತರವೋ ಎಂಬುದರ ಮೇಲೆ ಮುದ್ರಾಂಕ ಶುಲ್ಕವೂ ತೆರಿಗೆಯೂ ಬದಲಾಗುತ್ತವೆ. ಕುಟುಂಬದೊಳಗಿನ ದಾನಪತ್ರಕ್ಕೆ ಇರುವ ರಿಯಾಯಿತಿ ವಿಚ್ಛೇದನದ ನಂತರ ಸಿಗದು. ರಾಜಿ ಡಿಕ್ರಿಯಲ್ಲಿ ಆಸ್ತಿ ಸೇರಿಸುವುದಾದರೆ ನೋಂದಣಿ ಬೇಕೇ ಎಂದು ವಕೀಲರ ಬಳಿ ಮೊದಲೇ ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಖಾತೆ ಬದಲಾಗುವಾಗ ಕೆಲಸ ನಿಲ್ಲುತ್ತದೆ.

ಮದುವೆಯಲ್ಲಿ ಹೆಂಡತಿಗೆ ಬಂದ ಒಡವೆ, ಉಡುಗೊರೆ ಸ್ತ್ರೀಧನ. ಅದು ಮೊದಲಿನಿಂದಲೂ ಅವಳದ್ದೇ. ಅವಳ ಒಡವೆಯನ್ನು ಅವಳಿಗೇ ಹಿಂತಿರುಗಿಸಿ ಅದರ ಬೆಲೆಯನ್ನು ಜೀವನಾಂಶದಲ್ಲಿ ಕಳೆಯುವ ಒಪ್ಪಂದಗಳು ಬೇಕಾದಷ್ಟಿವೆ, ಅವು ಅನ್ಯಾಯ. ಒಡವೆಗೆ ತೂಕ ಸಮೇತ ಬೇರೆ ಪಟ್ಟಿ ಮಾಡಿ, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸಹಿ ತೆಗೆದುಕೊಳ್ಳಿ.

ಆರೋಗ್ಯ ವಿಮೆಯನ್ನು ಮರೆಯುವವರೇ ಹೆಚ್ಚು. ಗಂಡನ ಕಂಪನಿಯ ಗುಂಪು ವಿಮೆಯಲ್ಲಿ ಹೆಂಡತಿಯ ರಕ್ಷಣೆ ವಿಚ್ಛೇದನದೊಂದಿಗೆ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಮಾತುಕತೆ ನಡೆಯುತ್ತಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿ, ಅದರ ಕಂತನ್ನು ಲೆಕ್ಕಕ್ಕೆ ಸೇರಿಸಿ.

ಬರೆಯುವುದು, ಹಣ ಕೈಮಾರುವುದು

ಕೌಟುಂಬಿಕ ನ್ಯಾಯಾಲಯವೇ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳುಹಿಸುತ್ತದೆ. ಅಲ್ಲಿ ಆಡಿದ ಮಾತು ಗೋಪ್ಯ, ಅದನ್ನು ಮುಂದೆ ಸಾಕ್ಷಿಯಾಗಿ ಬಳಸುವಂತಿಲ್ಲ. ವಾಟ್ಸಾಪ್‌ನಲ್ಲಿ ಕಳುಹಿಸಿದ ಮಾತಿಗೆ ಆ ರಕ್ಷಣೆಯನ್ನು ನಂಬಿಕೊಳ್ಳಬೇಡಿ. ಪ್ರಸ್ತಾಪಗಳನ್ನು ವಕೀಲರ ಮೂಲಕ, ‘ಹಕ್ಕುಗಳಿಗೆ ಬಾಧಕವಿಲ್ಲದಂತೆ’ ಎಂಬ ಒಕ್ಕಣೆಯೊಂದಿಗೆ ಕಳುಹಿಸಿ.

ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಪ್ರಕಾರ ಒಂದು ವರ್ಷ ಬೇರೆ ಬಾಳಿದವರು ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಜಂಟಿ ಅರ್ಜಿ ಹಾಕಬಹುದು, ಅದು ಮೊದಲ ಹಂತ. ಎರಡನೇ ಹಂತಕ್ಕೆ ಆರು ತಿಂಗಳ ಅಂತರ ಬೇಕು; ಜೀವನಾಂಶ, ಮಕ್ಕಳು ಎಲ್ಲ ಇತ್ಯರ್ಥವಾಗಿದ್ದರೆ ಆ ಅಂತರವನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿ ಬರುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂಬುದು 1991ರಿಂದ ನೆಲೆನಿಂತ ಕಾನೂನು. ಪೂರ್ತಿ ಹಣ ಮೊದಲ ಹಂತದಲ್ಲೇ ಕೊಟ್ಟವರು ಸಿಕ್ಕಿಬೀಳುವುದು ಇಲ್ಲಿ. ಹಣ ಬರುವ ಮೊದಲೇ ಎಲ್ಲ ಕೇಸು ಹಿಂಪಡೆದವರು ಸಿಕ್ಕಿಬೀಳುವುದೂ ಇಲ್ಲೇ.

ಹಂತಗಳನ್ನು ಘಟನೆಗಳಿಗೆ ಕಟ್ಟಿ. ಉದಾಹರಣೆಗೆ ಮೊದಲ ಹಂತದ ಹೇಳಿಕೆಯ ದಿನ ಶೇ. 30, ಎರಡನೇ ಹಂತದ ದಿನ ನ್ಯಾಯಾಧೀಶರ ಮುಂದೆ ಡಿ.ಡಿ. ಮೂಲಕ ಶೇ. 50, ಕ್ರಿಮಿನಲ್ ಪ್ರಕರಣವನ್ನು ಹೈಕೋರ್ಟ್ ರದ್ದುಪಡಿಸಿದ ದಿನ ಉಳಿದ ಶೇ. 20. ವರದಕ್ಷಿಣೆ ಕಿರುಕುಳದ ಪ್ರಕರಣವನ್ನು ದೂರುದಾರರು ತಾವಾಗಿ ಹಿಂಪಡೆಯಲಾಗದು, ಅದಕ್ಕೆ ಹೈಕೋರ್ಟ್ ಆದೇಶ ಬೇಕು; ಕೊನೆಯ ಕಂತು ಅದಕ್ಕೇ ಮೀಸಲಿರಲಿ. ಬ್ಯಾಂಕಿನ ಮೂಲಕವಲ್ಲದೆ ಕೈಯಲ್ಲಿ ನಗದು ಕೊಡುವುದೂ ಬೇಡ, ಪಡೆಯುವುದೂ ಬೇಡ.

ತಿಂಗಳ ಹಣವಾದರೆ ಯಾವ ತಾರೀಕಿಗೆ, ಯಾವ ಖಾತೆಗೆ, ತಡವಾದರೆ ಎಷ್ಟು ಬಡ್ಡಿ ಎಂದು ಬರೆಯಿರಿ. ಭದ್ರತೆ ಕೇಳಿ. ಕೊಡುವವರ ಸ್ಥಿರಾಸ್ತಿಯ ಮೇಲೆ ಹೊರೆ ಕೂರಿಸಲು ಸೆಕ್ಷನ್ 25 ಅವಕಾಶ ಕೊಡುತ್ತದೆ, ಅದನ್ನು ಬಳಸುವವರು ಕಡಿಮೆ. ಕೊಡುವವರು ಸತ್ತರೆ ಮಗುವಿನ ಗತಿ ಏನು ಎಂಬ ಪ್ರಶ್ನೆಗೆ ಅವಧಿ ವಿಮೆ (ಟರ್ಮ್ ಇನ್ಶೂರೆನ್ಸ್) ಉತ್ತರ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಕ್ಕಳನ್ನೇ ಫಲಾನುಭವಿಗಳಾಗಿಸಿ ತೆಗೆದ ಪಾಲಿಸಿಯ ಹಣಕ್ಕೆ ಸಾಲ ಕೊಟ್ಟವರು ಕೈಹಾಕಲಾಗದು, ಫಲಾನುಭವಿಗಳನ್ನು ಆಮೇಲೆ ತಂದೆಯೂ ಬದಲಿಸಲಾಗದು.

ಹಣ ನಿಂತುಹೋದರೆ

ತಡಮಾಡಬೇಡಿ. ಸೆಕ್ಷನ್ 144ರಡಿಯ ಬಾಕಿಗೆ, ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಬಾಕಿ ಉಳಿಸಿದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಸಿವಿಲ್ ಡಿಕ್ರಿಯಾದರೆ ಸಂಬಳ ಜಪ್ತಿ ಮಾಡಿಸಬಹುದು. ಸಾಮಾನ್ಯ ಸಾಲಕ್ಕಿಂತ ಜೀವನಾಂಶದ ಡಿಕ್ರಿಗೆ ಇಲ್ಲಿ ಬಲ ಹೆಚ್ಚು: ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದದ್ದನ್ನು ಜಪ್ತಿ ಮಾಡಬಹುದು.

ಕೊಡುವವರ ಉದ್ಯೋಗ ನಿಜವಾಗಿಯೂ ಹೋಗಿದ್ದರೆ ಅವರೂ ಸುಮ್ಮನೆ ನಿಲ್ಲಿಸಬಾರದು. ಪರಿಸ್ಥಿತಿ ಬದಲಾಗಿದೆ ಎಂದು ಸೆಕ್ಷನ್ 25(2)ರಡಿ ಮಾರ್ಪಾಡಿಗೆ ತಕ್ಷಣ ಅರ್ಜಿ ಹಾಕಬೇಕು, ಕೆಲಸದಿಂದ ತೆಗೆದ ಪತ್ರವನ್ನು ಲಗತ್ತಿಸಬೇಕು, ಆದೇಶ ಬರುವವರೆಗೆ ಆದಷ್ಟನ್ನು ಕಟ್ಟುತ್ತಿರಬೇಕು. ಅರ್ಜಿ ಹಾಕದೆ ಆರು ತಿಂಗಳು ನಿಲ್ಲಿಸಿದರೆ ಕಾರಣ ಎಷ್ಟೇ ನಿಜವಾಗಿದ್ದರೂ ಆ ಆರು ತಿಂಗಳ ಬಾಕಿ ಅವರ ಹೆಸರಿನಲ್ಲೇ ಬೆಳೆಯುತ್ತಿರುತ್ತದೆ.